ಮೂವತ್ತೇಳನೆಯ ಚೀಟಿ

ನಮ್ಮಲ್ಲಿ ಮೂಗು ಸೋರುತ್ತದೆ, ನಲ್ಲಿ ಸುರಿಯುತ್ತದೆ, ಅಂಗಡಿ ನಡೆಯುತ್ತದೆ, ಒಗೆದ ಬಟ್ಟೆ ಬಣ್ಣ ಬಿಡುತ್ತದೆ, ಚುನಾವಣೆಗೆ ಜನ ನಿಲ್ಲುತ್ತಾರೆ. ಇಂಗ್ಲಿಷಿನಲ್ಲಿ ಇವೆಲ್ಲವೂ ಓಡುತ್ತವೆ. ನಿಂತವನನ್ನೂ ಓಡಿಸುವ ಆ ಪದ 'ರನ್'. ಅದಕ್ಕೆ ಐವತ್ತೆಂಟು ಅರ್ಥಗಳು. ಆ ಐವತ್ತೆಂಟಕ್ಕೂ ಒಂದೊಂದು ಫ್ರೆಂಚ್ ಪದ ಹೊಂದಿಸಿ ಅಚ್ಚಿಗೆ ಕಳಿಸುವ ಹೊಣೆ ಹೊತ್ತವರು ನಮ್ಮ ಬೀದಿಯ ಫ್ರೆಂಚ್ ಸಾರ್.

ಅವರಿಗೆ ಫ್ರೆಂಚ್ ಬರುತ್ತಿರಲಿಲ್ಲ.

ಇದರಲ್ಲಿ ಅವರ ತಪ್ಪಿಗಿಂತ ಟೀಯ ತಪ್ಪು ಹೆಚ್ಚು. ಮರದ ಸಾಮಾನಿನ ಅಂಗಡಿಯ ಮಹಡಿಯ ಮೇಲೆ, ಎರಡು ಕೋಣೆಗಳಲ್ಲಿ ನಿಘಂಟು ಕಚೇರಿ. ಗೋಡೆಯ ತುಂಬ ಡ್ರಾಯರುಗಳು, ಡ್ರಾಯರಿನ ತುಂಬ ಅಂಗೈಯಗಲದ ಚೀಟಿಗಳು. ಒಂದು ಅರ್ಥಕ್ಕೆ ಒಂದು ಚೀಟಿ. ಮೇಲೆ ಇಂಗ್ಲಿಷ್ ಅರ್ಥ ಪೆನ್ಸಿಲ್ಲಿನಲ್ಲಿ, ಕೆಳಗೆ ಫ್ರೆಂಚ್ ಪದ ನೀಲಿ ಶಾಯಿಯಲ್ಲಿ. ಆ ಫ್ರೆಂಚ್ ಬರೆಯುತ್ತಿದ್ದವರು ಒಬ್ಬ ನಿವೃತ್ತ ಟೀಚರಮ್ಮ. ಪಕ್ಕದ ಸ್ಟೂಲಿನ ಮೇಲೆ ಕೂತು ಚೀಟಿಗಳಿಗೆ ನಂಬರು ಹಾಕಿ ದಾರ ಕಟ್ಟುತ್ತಿದ್ದವರು ನಮ್ಮವರು. ಟೀಚರಮ್ಮ ಕೊನೆಯ ಚೀಟಿಯವರೆಗೂ ಬರೆದು, ಪೆನ್ನಿಗೆ ಮುಚ್ಚಳ ಹಾಕಿ, ಮರುವಾರ ತೀರಿಕೊಂಡರು. ಅಷ್ಟು ಅಚ್ಚುಕಟ್ಟಾದ ಸಾವನ್ನು ಆ ಕಚೇರಿ ಕಂಡಿರಲಿಲ್ಲ. ಅವರೊಂದಿಗೆ ಆ ಊರಿನ ಫ್ರೆಂಚೂ ತೀರಿಕೊಂಡಿತು.

"ಆರು ವರ್ಷ ಟೀಚರಮ್ಮನ ಪಕ್ಕದಲ್ಲೇ ಕೂತಿದ್ರಿ. ಅಷ್ಟಿಷ್ಟು ಫ್ರೆಂಚ್ ಬಂದಿರಬೇಕಲ್ವಾ?" ಎಂದು ಪ್ರಧಾನ ಸಂಪಾದಕರು ಕೇಳಿದಾಗ ನಮ್ಮವರ ಬಾಯಲ್ಲಿ ಸುಡುವ ಟೀ ಇತ್ತು. ನುಂಗಲಾರರು, ಉಗುಳಲಾರರು. 'ತಾಳಿ, ಹೇಳುತ್ತೇನೆ' ಎನ್ನುವಂತೆ ತಲೆಯಾಡಿಸಿದರು. ಐವತ್ತೆಂಟು ಅರ್ಥಗಳನ್ನು ಬೇರೆ ಬೇರೆ ಮಾಡಿ ಇಡಬಲ್ಲ ಪ್ರಧಾನರಿಗೆ ಒಂದು ತಲೆಯಾಟಕ್ಕೆ ಎರಡನೆಯ ಅರ್ಥ ಇರಬಹುದೆಂದು ಹೊಳೆಯಲಿಲ್ಲ. ಟೀ ಗಂಟಲಿಗಿಳಿಯುವ ಹೊತ್ತಿಗೆ ನಮ್ಮವರು ಫ್ರೆಂಚ್ ವಿಭಾಗದ ಮುಖ್ಯಸ್ಥರಾಗಿದ್ದರು. ಮರುದಿನ ಸ್ಟೂಲು ಹೋಗಿ ಕೈಗಳಿರುವ ಕುರ್ಚಿ ಬಂತು. ಕೈಗಳಿರುವ ಕುರ್ಚಿಯ ಸ್ವಭಾವ ಗೊತ್ತಲ್ಲ, ಕೂತವರನ್ನು ಅದೇ ಹಿಡಿದುಕೊಳ್ಳುತ್ತದೆ.

ಕೆಲಸವೇನೋ ಕಷ್ಟದ್ದಲ್ಲ. ಟೀಚರಮ್ಮ ಬರೆದಿಟ್ಟದ್ದನ್ನು ನೋಡಿ ನೋಡಿ ನಕಲು ಮಾಡುವುದು. ಆದರೆ ಸುದ್ದಿ ಬೀದಿಗೆ ಇಳಿಯಿತು. ಹಾಲಿನವನು 'ಫ್ರೆಂಚ್ ಸಾರ್' ಎಂದ. ಎದುರು ಮನೆಯ ಅಜ್ಜಿ ತಮ್ಮ ಔಷಧಿ ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದಿಸಿದರು. ಅದು ಇಂಗ್ಲಿಷೇ ಆಗಿತ್ತು, ಅಜ್ಜಿಗೆ ಹೇಳಲಿಲ್ಲ. ನಂಬದೇ ಉಳಿದವನು ಒಬ್ಬನೇ, ಹೆಂಡತಿಯ ತಮ್ಮ. ಆತ ನಗರಸಭೆಯ ಆರೋಗ್ಯ ಶಾಖೆಯಲ್ಲಿ ಅಧಿಕಾರಿ. ಅನುಮಾನಪಡುವುದಕ್ಕೇ ಸಂಬಳ ಪಡೆಯುವವನು.

"ಭಾವ, ಫ್ರೆಂಚಲ್ಲಿ ಒಂದು ಬೈಗುಳ ಹೇಳಿ ನೋಡೋಣ."

"ವಿದ್ಯೆ ಕಲಿತಿರೋದು ಬಯ್ಯೋಕಲ್ಲ."

"ಹೋಗ್ಲಿ, ಹೊಗಳಿ."

"ಹೊಗಳೋಕೆ ವಸ್ತು ಬೇಕಲ್ಲ."

"ಒಂದಲ್ಲ ಒಂದಿನ ನಿಮ್ಮನ್ನ ಹಿಡೀತೀನಿ ಭಾವ," ಎಂದು ಭಾವಮೈದುನ ನಗುತ್ತ ಬಿಸ್ಕತ್ತು ಮುರಿದ. ಆ ಸದ್ದು ಫ್ರೆಂಚ್ ಸಾರ್ ಅವರಿಗೆ ತಮ್ಮ ಕುರ್ಚಿಯ ಕಾಲು ಮುರಿದಂತೆ ಕೇಳಿಸಿತು.

ಅವನ ಬಾಯಿ ಮುಚ್ಚಿಸಬೇಕೆಂದೇ ಒಂದು ಸಂಜೆ ಅವರು ಕಚೇರಿಯ ನಿಯಮ ಮುರಿದರು. ಚೀಟಿ ಹೊಸ್ತಿಲು ದಾಟಬಾರದೆಂಬುದು ನಿಯಮ. ಅವರು 'ರನ್' ಕಟ್ಟಿನಿಂದ ಮೂವತ್ತೇಳನೆಯದನ್ನು ಎಳೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಮನೆಗೆ ತಂದರು. ಒದ್ದೆ ಬಟ್ಟೆ ಬಣ್ಣ ಬಿಡುವುದು, ಇದು ಮೂವತ್ತೇಳನೆಯ ಅರ್ಥ. 'ನೋಡಯ್ಯಾ, ದಿನಾ ಇಂಥವನ್ನು ಅರೆದು ಕುಡಿಯುತ್ತೇನೆ' ಎಂದು ತೋರಿಸುವ ಇರಾದೆ. ಆ ಸಂಜೆ ಭಾವಮೈದುನ ಬರಲಿಲ್ಲ. ಬಂದವನು ಲಾಂಡ್ರಿಯವನು. ಹೆಂಡತಿ ಅಂಗಿಯನ್ನು ಗಂಟಿಗೆ ಹಾಕಿದರು.

ಎರಡು ದಿನದ ಮೇಲೆ ಅಂಗಿ ಇಸ್ತ್ರಿಯಾಗಿ ಬಂತು. ಜೇಬಿನ ಮೇಲೆ ಅಂಗೈಯಗಲದ ನೀಲಿ ಹೂವು. ಒಳಗೆ ಚೀಟಿ ಗರಿಗರಿಯಾಗಿತ್ತು. ಪೆನ್ಸಿಲ್ ಹಾಗೇ ಇತ್ತು, ಮೂಲೆಯಲ್ಲಿ ಟೀಚರಮ್ಮ ಪೆನ್ಸಿಲ್ಲಿನಲ್ಲೇ ಹಾಕಿದ್ದ ಮೂರು ಸರಿ ಗುರುತುಗಳೂ ಇದ್ದವು. ಶಾಯಿ ಮಾತ್ರ ಸಂಪೂರ್ಣ ಹೋಗಿತ್ತು. ಬಣ್ಣ ಬಿಡುವುದೆಂದರೇನು ಎಂಬುದಕ್ಕೆ ಚೀಟಿ ತನ್ನನ್ನು ತಾನೇ ಉದಾಹರಣೆಯಾಗಿ ಒಪ್ಪಿಸಿಕೊಂಡಿತ್ತು.

"ಏನ್ರೀ ಇದು! ಜೇಬೆಲ್ಲ ಗಲೀಜು!" ಎಂದು ಹೆಂಡತಿ ಅಂಗಿಯನ್ನು ಅವರ ಮುಖಕ್ಕೆ ಹಿಡಿದರು.

ಅವತ್ತೇ ಮಧ್ಯಾಹ್ನ 'ರನ್' ಅಚ್ಚಿಗೆ ಹೋಗಬೇಕು. ಬೇರೆ ನಿಘಂಟು ನೋಡೋಣವೆಂದರೆ ಊರಿನಲ್ಲಿದ್ದ ಇನ್ನೊಂದು ನಿಘಂಟು ಎದುರು ಬೀದಿಯ ಪ್ರಕಾಶಕರದು. ಅದರಲ್ಲಿ 'ರನ್'ಗೆ ಹನ್ನೊಂದೇ ಅರ್ಥ. ಅವರ ಪ್ರಕಾರ ಬಟ್ಟೆ ಬಣ್ಣವನ್ನೇ ಬಿಡುತ್ತಿರಲಿಲ್ಲ. ಯಾರನ್ನಾದರೂ ಕೇಳೋಣವೆಂದರೆ, ಫ್ರೆಂಚ್ ವಿಷಯದಲ್ಲಿ ಊರಿನವರೆಲ್ಲ ಕೇಳುತ್ತಿದ್ದದ್ದು ಅವರನ್ನೇ.

"ಐವತ್ತೆಂಟೂ ರೆಡಿನಾ?" ಕಚೇರಿಯ ಬಾಗಿಲಲ್ಲಿ ಪ್ರಧಾನರು ನಿಂತಿದ್ದರು. ಅಚ್ಚಿನವನು ಮೆಟ್ಟಿಲ ಮೇಲೆ ಕೆಮ್ಮುತ್ತಿದ್ದ.

ಫ್ರೆಂಚ್ ಸಾರ್ ತಲೆಯೊಳಗೆ ಆ ಕ್ಷಣ ಇದ್ದದ್ದು ಒಂದೇ ಪದ. ಹೆಂಡತಿ ಬೆಳಿಗ್ಗೆ ಕೂಗಿದ್ದು. ಟೀಚರಮ್ಮನ ಪದಗಳಲ್ಲಿ ಬಹುಪಾಲಿಗೆ ಒಂದೇ ತರಹದ ಬಾಲ ಇತ್ತೆಂಬುದನ್ನು ಅವರು ಆರು ವರ್ಷದಿಂದ ಗಮನಿಸಿದ್ದರು. ಆ ಬಾಲವನ್ನು ಹೆಂಡತಿಯ ಪದಕ್ಕೆ ಅಂಟಿಸಿ ನೀಲಿ ಶಾಯಿಯಲ್ಲಿ ಬರೆದರು. ಗಲಿಜೇ.

ಪ್ರಧಾನರು ಮೂರು ಸರಿ ಗುರುತುಗಳನ್ನು ನೋಡಿದರು, ತೃಪ್ತರಾದರು. ಗುರುತಿನ ಅರ್ಥ: ಈ ಪದ ಮೂರು ಬೇರೆ ಬೇರೆ ಕಡೆ ಬಳಕೆಯಲ್ಲಿ ಕಂಡಿದೆ. ಅದು ಪ್ರಧಾನರ ಜೀವನಸೂತ್ರ. ಕಚೇರಿಯ ಗೋಡೆಯ ಮೇಲೂ ನಿಘಂಟಿನ ಮೊದಲ ಪುಟದಲ್ಲೂ ಬರೆಸಿದ್ದರು: 'ಮೂರು ಕಡೆ ಬಳಸಿದರೆ ಪದ, ಇಲ್ಲದಿದ್ದರೆ ಬರೀ ಸದ್ದು.'

ಅವತ್ತು ಸಂಜೆ ಮನೆಗೆ ಹೋಗುವಾಗ ಲಾಂಡ್ರಿಯ ಮುಂದೆ ಗಲಾಟೆ. ಹೆಂಗಸೊಬ್ಬರು ಗುಲಾಬಿ ಬಣ್ಣಕ್ಕೆ ತಿರುಗಿದ ಬಿಳಿ ಟವಲನ್ನು ಬಾವುಟದ ಹಾಗೆ ಬೀಸುತ್ತಿದ್ದರು. ಲಾಂಡ್ರಿಯವನ ಮುಖವೂ ಟವಲಿನ ಬಣ್ಣಕ್ಕೆ ಬಂದಿತ್ತು. ಅಲ್ಲಿ ಸುಮ್ಮನೆ ದಾಟಿ ಹೋಗಿದ್ದರೆ ಈ ಕಥೆಯೇ ಇಲ್ಲ. ಆದರೆ ಹೊಸ ಚಪ್ಪಲಿ ಹಾಕಿದವನು ನಡೆದು ನೋಡದೇ ಇರುತ್ತಾನೆಯೆ?

"ಅಮ್ಮಾ, ಇದು ಇವನ ತಪ್ಪಲ್ಲ. ಇದಕ್ಕೆ ಫ್ರೆಂಚಿನಲ್ಲಿ ಗಲಿಜೇ ಅಂತಾರೆ," ಎಂದರು.

ಹೆಂಗಸು ಬೀಸುವುದನ್ನು ನಿಲ್ಲಿಸಿದರು. "ಗಲಿಜೇನಾ? ಹೋದ ತಿಂಗಳು ನಮ್ಮತ್ತೇದು ಒಂದು ಸೀರೇನೂ ಹಾಗೇ ಆಯ್ತಲ್ಲ. ಮೊದಲೇ ಹೇಳಬಾರದೇನಯ್ಯಾ? ಸುಮ್ನೆ ಬೈದೆ."

ಅವರು ಟವಲು ಮಡಚಿಕೊಂಡು ಹೋದರು. ಇಪ್ಪತ್ತು ವರ್ಷದಿಂದ ಬೈಸಿಕೊಳ್ಳುತ್ತಿದ್ದ ಲಾಂಡ್ರಿಯವನು ಫ್ರೆಂಚ್ ಸಾರ್ ಅವರನ್ನು ಮಳೆ ನಿಲ್ಲಿಸಿದವರನ್ನು ನೋಡುವಂತೆ ನೋಡಿದ. ಹದಿನೈದು ದಿನದಲ್ಲಿ ಅವನ ರಸೀತಿಯ ಕೆಳಗೆ ದಪ್ಪಕ್ಷರದಲ್ಲಿ ಬಂತು: 'ಗಲಿಜೇಗೆ ನಾವು ಜವಾಬ್ದಾರರಲ್ಲ.' ಅದನ್ನು ಕಂಡ ಬಟ್ಟೆ ಅಂಗಡಿಯವರು ಬೋರ್ಡು ಹಾಕಿದರು: 'ಗಲಿಜೇ ಆಗದ ಬಟ್ಟೆಗಳು, ಖಾತ್ರಿ.' ಬಾಲ್ಕನಿಗಳಿಂದ ಬಣ್ಣದ ನೀರು ದಾರಿಹೋಕರ ತಲೆಯ ಮೇಲೆ ತೊಟ್ಟಿಕ್ಕುತ್ತದೆಂದು ದೂರು ಬಂದಾಗ ನಗರಸಭೆಯ ಆರೋಗ್ಯ ಶಾಖೆಯೂ ಎಚ್ಚೆತ್ತುಕೊಂಡಿತು. ಲಾಂಡ್ರಿ ರಸೀತಿಯಲ್ಲಿದ್ದ ಪದ ಕಾನೂನಿನ ಪದವೇ ಇರಬೇಕೆಂದು ಭಾವಮೈದುನ ನೋಟಿಸು ಅಂಟಿಸಿದ: 'ಬಾಲ್ಕನಿಯಿಂದ ಬೀದಿಗೆ ಗಲಿಜೇ ಮಾಡುವವರ ಮೇಲೆ ಕ್ರಮ ಜರುಗಿಸಲಾಗುವುದು.' ಕೆಳಗೆ ಅವನದೇ ಸಹಿ, ಬಾಲ ಎತ್ತಿದ ಹಲ್ಲಿಯ ಹಾಗೆ. ವಾರದೊಳಗೆ ಹದಿನಾಲ್ಕು ಮನೆಯ ಬಟ್ಟೆ ಹಗ್ಗಕ್ಕೆ ಕತ್ತರಿ ಬಿತ್ತು.

ನಿಘಂಟು ಹೊರಬಂದು ಒಂದು ವರ್ಷ ಕಳೆಯಿತು. ಎದುರು ಬೀದಿಯವರು ತಮ್ಮ ನಿಘಂಟಿನ ಹೊಸ ಮುದ್ರಣ ತಂದರು. 'ರನ್'ಗೆ ಐವತ್ತೆಂಟು ಅರ್ಥ. ಪ್ರಧಾನರು ಆ ಪುಟ ತೆರೆದವರು ಕುರ್ಚಿಯಿಂದ ಏಳಲು ಮರೆತು, ನಿಂತು ಕೂಗಬೇಕಾದ್ದನ್ನು ಕೂತೇ ಕೂಗಿದರು.

"ಕಳ್ಳರು! ನಮ್ಮ ಐವತ್ತೆಂಟು! ನಮ್ಮದೇ ಕ್ರಮ! ಹನ್ನೊಂದರಿಂದ ಐವತ್ತೆಂಟಕ್ಕೆ ಒಂದೇ ವರ್ಷದಲ್ಲಿ ಹಾರೋಕೆ ಅವರೇನು ಕಪ್ಪೆಗಳಾ?"

"ದೂರು ಕೊಡೋಣ ಸಾರ್," ಎಂದರು ಫ್ರೆಂಚ್ ಸಾರ್.

"ಸಾಕ್ಷಿ ಎಲ್ರೀ? ಸರಿಯಾದ್ದನ್ನ ಯಾರು ಬೇಕಾದ್ರೂ ಬರೀಬಹುದು. ತಪ್ಪನ್ನ ಮಾತ್ರ ಕದ್ದೇ ಬರೀಬೇಕು. ನಮ್ಮ ಪುಸ್ತಕದಲ್ಲಿ ಒಂದು ತಪ್ಪಿದ್ದು, ಅದು ಅವರ ಪುಸ್ತಕದಲ್ಲೂ ಇದ್ದಿದ್ರೆ ಕತ್ತಿನ ಪಟ್ಟಿ ಹಿಡೀಬಹುದಿತ್ತು. ಒಂದೇ ಒಂದು ತಪ್ಪು!" ಪ್ರಧಾನರ ಕಣ್ಣು ತುಂಬಿತು. "ಆದ್ರೆ ಏನ್ ಮಾಡೋದು, ಫ್ರೆಂಚ್ ನೋಡಿದ್ದು ನೀವು. ತಪ್ಪಿಗೆ ಜಾಗವೇ ಇಲ್ಲ. ನಿಮ್ಮ ವಿದ್ವತ್ತೇ ನಮ್ಮನ್ನ ಮುಳುಗಿಸ್ತು."

ಫ್ರೆಂಚ್ ಸಾರ್ ಎದುರು ಬೀದಿಯವರ ಪುಸ್ತಕದಲ್ಲಿ ಮೂವತ್ತೇಳನೆಯ ಅರ್ಥ ನೋಡಿದರು. ಗಲಿಜೇ. ತಮ್ಮ ಹೆಂಡತಿಯ ಕೂಗು ಬೇರೆಯವರ ಮನೆಯ ಹೊಸ ಅಚ್ಚಿನಲ್ಲಿ, ಹೊಸ ರಟ್ಟಿನೊಳಗೆ ಕೂತಿತ್ತು. ಬಾಯಿ ಬಿಟ್ಟರೆ ಕಚೇರಿ ಉಳಿಯುತ್ತದೆ, ಕುರ್ಚಿ ಹೋಗುತ್ತದೆ, ಭಾವಮೈದುನ ಆಯುಷ್ಯವಿಡೀ ನಗುತ್ತಾನೆ. ಬಿಡದಿದ್ದರೆ ಪ್ರಧಾನರು ಹೀಗೇ ಅಳುತ್ತಾರೆ.

ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದರು. ಟೀಯಿಂದ ಹಿಡಿದು.

ಹೆಂಡತಿ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ನಿಮಗೆ ಫ್ರೆಂಚ್ ಬರಲ್ಲ ಅಂತ ನನಗೆ ಯಾವತ್ತೋ ಗೊತ್ತು."

"ಹೇಗೆ?"

"ನನ್ನ ಹತ್ರ ಜಗಳದಲ್ಲಿ ಸೋತಾಗ ಬಾಯಿ ಮುಚ್ಕೊಂಡು ಕೂರ್ತೀರಲ್ಲ, ಇನ್ನೊಂದು ಭಾಷೆ ಬಂದಿದ್ರೆ ಅದರಲ್ಲಾದ್ರೂ ಗೊಣಗ್ತಿದ್ರಿ. ಹೋಗಿ ನಿಜ ಹೇಳಿ. ಆದ್ರೆ ಆ ಪದ ನಾನು ಹೇಳಿದ್ದು ಅಂತಲೂ ಹೇಳಿ. ಪುಸ್ತಕದಲ್ಲಿ ನನ್ನ ಹೆಸರೇ ಇಲ್ಲ."

ಮರುದಿನ ಪ್ರಧಾನರ ಮುಂದೆ ನಿಂತು ಫ್ರೆಂಚ್ ಸಾರ್ ನೀಲಿ ಹೂವಿನ ಅಂಗಿಯನ್ನು ಮೇಜಿನ ಮೇಲೆ ಹರಡಿದರು. ಎಲ್ಲವನ್ನೂ ಒಪ್ಪಿಕೊಂಡರು. ಪ್ರಧಾನರು ಎದ್ದು ಬಂದರು. ಹೊಡೆಯುತ್ತಾರೆಂದು ಇವರು ಕಣ್ಣು ಮುಚ್ಚಿದರು. ಪ್ರಧಾನರು ತಬ್ಬಿಕೊಂಡರು.

"ನಿಮಗೆ ಫ್ರೆಂಚ್ ಬರೋದೇ ಇಲ್ವಾ? ಒಂದಕ್ಷರವೂ? ದೇವರು ದೊಡ್ಡವನು! ಗೆದ್ವಿ ಬಿಡಿ! ಕೇಸು ಗೆದ್ದ ದಿನವೇ ನಿಮಗೆ ದೊಡ್ಡ ಸನ್ಮಾನ ಮಾಡಿ ಕೆಲಸದಿಂದ ತೆಗೀತೀನಿ."

"ಎರಡೂ ಯಾಕೆ ಸಾರ್?"

"ಕೃತಜ್ಞತೆ ಬೇರೆ, ಶಿಸ್ತು ಬೇರೆ."

ದೂರು ಹಕ್ಕುಸ್ವಾಮ್ಯದ ಅಧಿಕಾರಿಯ ಮೇಜಿಗೆ ಹೋಯಿತು. ಅವರು ಹೊರ ಊರಿನಿಂದ ಒಬ್ಬ ಫ್ರೆಂಚ್ ತಜ್ಞರನ್ನು ಕಳಿಸಿಕೊಡಿ ಎಂದು ಮೇಲಿನ ಕಚೇರಿಗೆ ಬರೆದರು. ಏಳು ತಿಂಗಳ ಮೇಲೆ ಉತ್ತರ ಬಂತು: 'ನಿಮ್ಮ ಊರಿನಲ್ಲೇ ಒಬ್ಬರಿದ್ದಾರೆಂದು ತಿಳಿದುಬಂದಿದೆ, ಸದರಿಯವರನ್ನೇ ಬಳಸಿಕೊಳ್ಳುವುದು.' ಜೊತೆಗೆ ಫ್ರೆಂಚ್ ಸಾರ್ ಅವರ ವಿಳಾಸ ಇತ್ತು. ಇನ್ನು ತಡಮಾಡುವುದು ಬೇಡವೆಂದು ವಿಚಾರಣೆಯ ದಿನ ಗೊತ್ತಾಯಿತು.

ಅವತ್ತು ಬೀದಿಗೆ ಬೀದಿಯೇ ಬಂದಿತ್ತು. ಎದುರು ಮನೆಯ ಅಜ್ಜಿ ಔಷಧಿ ಬಾಟಲಿಯ ಸಮೇತ ಮೊದಲ ಬೆಂಚಿನಲ್ಲಿ. ಭಾವನ ಅವಮಾನವನ್ನು ಹತ್ತಿರದಿಂದ ನೋಡಲು ಭಾವಮೈದುನ ಅರ್ಧ ದಿನ ರಜೆ ಹಾಕಿ ಬಂದಿದ್ದ. ಹಕ್ಕುಸ್ವಾಮ್ಯದ ಅಧಿಕಾರಿಗೆ ನೆಗಡಿ. ಮೂಗು ಒರೆಸಿಕೊಂಡು "ಹೇಳಿ" ಎಂದರು.

"ಗಲಿಜೇ ಅನ್ನೋ ಪದ ಫ್ರೆಂಚಲ್ಲಿ ಇಲ್ಲ ಸ್ವಾಮಿ. ನಾನು ಹುಟ್ಟಿಸಿದ್ದು," ಎಂದರು ಫ್ರೆಂಚ್ ಸಾರ್. ಹೆಂಡತಿ ಕೆಮ್ಮಿದರು. "ಅಂದ್ರೆ, ನಾವಿಬ್ಬರೂ."

ಎದುರು ಬೀದಿಯವರ ವಕೀಲರು ಎದ್ದರು. ತೆಳ್ಳಗೆ, ಚೀಟಿಯ ಹಾಗೆಯೇ ಇದ್ದರು. "ನೀವು ಫ್ರೆಂಚ್ ವಿದ್ವಾಂಸರು ತಾನೆ?"

"ಅಲ್ಲ. ನನಗೆ ಫ್ರೆಂಚ್ ಬರಲ್ಲ."

ಬೆಂಚುಗಳಲ್ಲಿ ಗುಸುಗುಸು. "ನೋಡಿ, ಎಷ್ಟು ವಿನಯ," ಎಂದರು ಅಜ್ಜಿ. ಭಾವಮೈದುನನ ಮುಖ ಖುಷಿಗೆ ಹಂಡೆಯಷ್ಟಾಯಿತು.

"ಬರೋದೇ ಇಲ್ವಾ?"

"ಇಲ್ಲವೇ ಇಲ್ಲ."

"ಹಾಗಾದ್ರೆ," ವಕೀಲರು ಕನ್ನಡಕ ತೆಗೆದರು, "ಫ್ರೆಂಚೇ ಬರದ ನಿಮಗೆ ಈ ಪದ ಫ್ರೆಂಚಲ್ಲಿ ಇಲ್ಲ ಅಂತ ಹೇಗೆ ಗೊತ್ತಾಯ್ತು?"

ಫ್ರೆಂಚ್ ಸಾರ್ ಬಾಯಿ ತೆರೆದರು. ಈ ಸಲ ಟೀ ಇರಲಿಲ್ಲ, ಆದರೂ ಮಾತು ಬರಲಿಲ್ಲ. ಅಧಿಕಾರಿ ಮೂಗು ಒರೆಸುವುದನ್ನು ಮರೆತು ಆ ಪ್ರಶ್ನೆಯನ್ನು ಎರಡು ಸಲ ಬರೆದುಕೊಂಡರು.

"ಪದ ಇಲ್ಲದೆ ಏನ್ ಸ್ವಾಮಿ!" ಹಿಂದಿನ ಬೆಂಚಿನಿಂದ ಲಾಂಡ್ರಿಯವನು ಎದ್ದುಬಿಟ್ಟ. "ದಿನಾ ನೂರು ರಸೀತಿ ಹರೀತೀನಿ. ಇಲ್ಲದ ಪದಕ್ಕೆ ಗಿರಾಕಿಗಳು ಸುಮ್ನಾಗ್ತಾರಾ?"

ವಕೀಲರು ಮುಗುಳ್ನಕ್ಕು ರಸೀತಿಯನ್ನು ಮೇಜಿನ ಮೇಲಿಟ್ಟರು. "ಒಂದು." ಬಟ್ಟೆ ಅಂಗಡಿಯ ಬೋರ್ಡನ್ನು ಇಬ್ಬರು ಹೊತ್ತು ತಂದರು. "ಎರಡು." ಆಮೇಲೆ ಗೋಡೆಯಿಂದ ಕಿತ್ತ, ಹಿಂದೆ ಇನ್ನೂ ಅಂಟು ಮೆತ್ತಿದ್ದ ನೋಟಿಸನ್ನು ಬಿಚ್ಚಿದರು. "ಮೂರು. ಈ ಸಹಿ ಮಾಡಿದೋರು ಇಲ್ಲೇ ಇದ್ದಾರೆ ಅನ್ಸುತ್ತೆ."

ಭಾವಮೈದುನ ತನ್ನ ಹಲ್ಲಿಯನ್ನು ಗುರುತು ಹಿಡಿದ. ಮುಖ ಹಂಡೆಯಿಂದ ಲೋಟಕ್ಕಿಳಿಯಿತು.

"ಪದ ಇಲ್ಲದಿದ್ರೆ ನೀವು ಇಲ್ಲದ ಅಪರಾಧಕ್ಕೆ ಹದಿನಾಲ್ಕು ಮನೆಯ ಬಟ್ಟೆ ಹಗ್ಗ ಕುಯ್ಸಿದ್ದೀರಿ ಅಂತಾಯ್ತು," ಎಂದರು ಅಧಿಕಾರಿ. "ಪದ ಇದೆಯೋ, ಇಲ್ಲವೋ?"

ಹದಿನಾಲ್ಕು ಮನೆಯವರೂ ಬೆಂಚುಗಳಲ್ಲಿದ್ದರು. ಎಲ್ಲರೂ ತಿರುಗಿ ನೋಡಿದರು.

"ಇದೆ ಸಾರ್."

"ಯಾವ ಭಾಷೆ?"

"ಫ್ರೆಂಚು. ಅಚ್ಚ ಫ್ರೆಂಚು."

"ಯಾರು ಹೇಳಿದ್ದು?"

ಭಾವಮೈದುನ ಅಕ್ಕನ ಕಡೆ ನೋಡಿದ. ಅಕ್ಕ ಸೆರಗಿನಲ್ಲಿ ನಗುತ್ತಿದ್ದರು. "ನಮ್ಮ ಭಾವ," ಎಂದ. ಒಂದೊಂದು ಮಾತೂ ಹಲ್ಲು ಕೀಳಿಸಿಕೊಂಡಂತೆ ಹೊರಬಂತು. "ಅವರು... ಭಾರೀ... ವಿದ್ವಾಂಸರು. ಬರಲ್ಲ ಅಂತ ಅವರು ಹಾಗೇ ಹೇಳೋದು. ದೊಡ್ಡೋರ ಸ್ವಭಾವ ಅದು."

"ಇಲ್ಲ ಸ್ವಾಮಿ, ನಿಜವಾಗ್ಲೂ..." ಎಂದರು ಫ್ರೆಂಚ್ ಸಾರ್.

"ಸುಮ್ನಿರಿ ಭಾವ!" ಎಂದು ಭಾವಮೈದುನ ಗೋಗರೆದ.

ಅಧಿಕಾರಿ ನಿಘಂಟಿನ ಮೊದಲ ಪುಟ ತೆರೆದು ಗಟ್ಟಿಯಾಗಿ ಓದಿದರು: "ಮೂರು ಕಡೆ ಬಳಸಿದರೆ ಪದ, ಇಲ್ಲದಿದ್ದರೆ ಬರೀ ಸದ್ದು. ಇದನ್ನ ಬರೆದೋರು ಯಾರು?"

ಪ್ರಧಾನರು ಮೆಲ್ಲಗೆ ಕೈ ಎತ್ತಿದರು. ಸ್ವಂತ ಮಗನ ವಿರುದ್ಧ ಸಾಕ್ಷಿ ಹೇಳಬಹುದು, ಸ್ವಂತ ಮುನ್ನುಡಿಯ ವಿರುದ್ಧ ಹೇಳುವುದು ಹೇಗೆ?

ಆದೇಶ ಅರ್ಧ ಪುಟದ್ದು. ಗಲಿಜೇ ಎಂಬ ಫ್ರೆಂಚ್ ಪದ ಅಸ್ತಿತ್ವದಲ್ಲಿದೆ. ಇರುವ ಪದವನ್ನು ಯಾರು ಬೇಕಾದರೂ ಬರೆಯಬಹುದು. ಕಳವು ಸಾಬೀತಾಗಿಲ್ಲ. ಫ್ರೆಂಚ್ ವಿದ್ವಾಂಸರಾದ ಸಾಕ್ಷಿದಾರರು ಇನ್ನು ಮುಂದೆ ಅತಿ ವಿನಯದಿಂದ ಕಚೇರಿಯ ಕಾಲಹರಣ ಮಾಡಕೂಡದು.

ಹೊರಗೆ ಮೆಟ್ಟಿಲ ಮೇಲೆ ಎದುರು ಬೀದಿಯ ಪ್ರಕಾಶಕರು ಫ್ರೆಂಚ್ ಸಾರ್ ಅವರ ತೋಳು ಹಿಡಿದು ಕಿವಿಯಲ್ಲಿ ಕೇಳಿದರು, "ಸ್ವಾಮಿ, ನಮ್ಮ ನಮ್ಮಲ್ಲೇ ಇರಲಿ. ಮಿಕ್ಕ ಐವತ್ತೇಳು ಸರಿಯಾಗಿವೆ ತಾನೆ?"

"ನನಗೆ ಗೊತ್ತಿಲ್ಲ," ಎಂದರು ಇವರು. ಎದುರು ಬೀದಿಯವರು "ಎಂಥ ವಿನಯ!" ಎಂದುಕೊಂಡು ನಿರಾಳವಾಗಿ ಹೋದರು.

ಪ್ರಧಾನರು ಕೊನೆಯ ಮೆಟ್ಟಿಲಲ್ಲಿ ಕೊಡೆ ಊರಿಕೊಂಡು ನಿಂತಿದ್ದರು. "ಗೆದ್ದಿದ್ರೆ ಇವತ್ತು ಸನ್ಮಾನ ಮಾಡಿ ತೆಗೆದುಬಿಡ್ತಿದ್ದೆ."

"ಈಗ ಸಾರ್?"

"ಈಗ ನೀವು ವಿದ್ವಾಂಸರು ಅಂತ ಮೊಹರು ಬಿದ್ದಿದೆ. ತೆಗೆದ್ರೆ ಆದೇಶ ಧಿಕ್ಕರಿಸಿದ ಹಾಗಾಗುತ್ತೆ. ನಾಳೆ ಬೇಗ ಬನ್ನಿ."

ಹೀಗೆ ಕುರ್ಚಿ ಉಳಿಯಿತು. ಆದರೆ ಮನುಷ್ಯನಿಗೆ ಒಂದು ಚಟ. ಕಳೆದುಕೊಳ್ಳುತ್ತೇನೆಂದು ಹೆದರಿದ್ದ ವಸ್ತು ಖಾಯಂ ಆದ ಮೇಲೆ ಅದಕ್ಕೆ ತಕ್ಕವನಾಗಬೇಕೆನಿಸುತ್ತದೆ. ಫ್ರೆಂಚ್ ಸಾರ್ ಅಂಚೆಯ ಮೂಲಕ ಫ್ರೆಂಚ್ ಪಾಠ ತರಿಸಿಕೊಂಡರು. ಎಂಟು ತಿಂಗಳು, ಅಡುಗೆಮನೆಯ ಬಾಗಿಲು ಹಾಕಿಕೊಂಡು, ಕುಕ್ಕರಿನ ಸದ್ದಿನ ಮರೆಯಲ್ಲಿ ಕಲಿತರು. ಇಪ್ಪತ್ತೆರಡನೆಯ ಪಾಠ ಬಟ್ಟೆ ಒಗೆಯುವುದರ ಮೇಲೆ. ಅದರ ಮೂರನೆಯ ಸಾಲಿನಲ್ಲಿ, ಟೀಚರಮ್ಮನ ಶಾಯಿಯ ಜೊತೆ ನೀರಿಗೆ ಹೋಗಿದ್ದ ಪದ ಅವರಿಗಾಗಿ ಕಾದು ಕೂತಿತ್ತು. ದೆತೆಂದ್ರ್.

ಹೊಸ ಚೀಟಿಯಲ್ಲಿ ಅದನ್ನು ಬರೆದು ಓಡುತ್ತಲೇ ಪ್ರಧಾನರ ಬಳಿ ಹೋದರು. "ಸಾರ್, ಸಿಕ್ತು! ಮೂವತ್ತೇಳನೇದು! ಇದು ನಿಜವಾದದ್ದು!"

ಪ್ರಧಾನರು ಚೀಟಿಯನ್ನು ದೂರ ಹಿಡಿದು ನೋಡಿದರು. ಗೋಡೆಯ ಕಡೆಗೆ ಬೆರಳು ತೋರಿದರು. "ಈ ಊರಲ್ಲಿ ಎಷ್ಟು ಕಡೆ ಬಳಕೆ ಇದೆ?"

"ಒಂದು ಕಡೆಯೂ ಇಲ್ಲ ಸಾರ್. ಆದ್ರೆ ಫ್ರಾನ್ಸಿನಲ್ಲಿ..."

"ಹಾಗಾದ್ರೆ ಬರೀ ಸದ್ದು," ಎಂದು ಪ್ರಧಾನರು ಚೀಟಿಯನ್ನು ಬುಟ್ಟಿಗೆ ಹಾಕಿದರು.

ಫ್ರೆಂಚ್ ಸಾರ್ ಸೋಲೊಪ್ಪಲಿಲ್ಲ. ಮೂರು ಕಡೆ ತಾನೆ? ನೇರ ಲಾಂಡ್ರಿಗೆ ಹೋದರು. ಕೌಂಟರಿನ ಮೇಲೆ ಯಾರದೋ ಬಿಳಿ ಪಂಚೆ ಹಸಿರಾಗಿ ಮಲಗಿತ್ತು.

"ನೋಡಪ್ಪಾ, ರಸೀತಿ ಬದಲಾಯಿಸ್ಬೇಕು. ಇದಕ್ಕೆ ಸರಿಯಾದ ಪದ ದೆತೆಂದ್ರ್. ಇನ್ಮೇಲೆ ಹಾಗೇ ಬರಿ."

ಲಾಂಡ್ರಿಯವನು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದ. ಅವರನ್ನು ಕನಿಕರದಿಂದ ನೋಡಿದ.

"ಬೇರೆ ಯಾರೋ ಹೇಳಿದ್ರೆ ನಗಬಹುದಿತ್ತು. ನೀವೇ ಹೀಗಂದ್ರೆ ಹೇಗೆ ಸಾರ್?" ಎಂದ. "ಶುದ್ಧವಾಗಿ ಫ್ರೆಂಚ್ ಮಾತಾಡಿ."